ಪೊರೆ ಶಸ್ತ್ರಚಿಕಿತ್ಸೆ ಮತ್ತು ಕಾರ್ನಿಯಾ ಕಸಿ ಒಂದೇ ಬಾರಿಗೆ: ಎರಡು ಕಣ್ಣುಗಳ ಬಗ್ಗೆ ಸಲಹೆ ಬೇಕು

ಫೇಕೋ_ಪಯಣಿಗ ಕೇಳಿದ್ದು:

ನಮಸ್ಕಾರ. ಇಷ್ಟು ವರ್ಷ ಪೊರೆ ಶಸ್ತ್ರಚಿಕಿತ್ಸೆಯನ್ನೇ ಮುಖ್ಯವಾಗಿ ಮಾಡಿಕೊಂಡು ಬಂದ ನಾನು ಈಗ ಕಾರ್ನಿಯಾ ವಿಭಾಗದಲ್ಲಿ ಹಿರಿಯರೊಬ್ಬರ ಕೈಕೆಳಗೆ ಕಲಿಯುತ್ತಿದ್ದೇನೆ. ಪೊರೆಯೂ ಬಲಿತು ಕಾರ್ನಿಯಾವೂ ಕೆಟ್ಟಿರುವ ಎರಡು ಕಣ್ಣುಗಳು ಒಟ್ಟಿಗೇ ಎದುರಾಗಿವೆ. ಎರಡಕ್ಕೂ ಒಂದೇ ಉತ್ತರ ಸಲ್ಲದು ಎಂಬಷ್ಟು ತಿಳಿದಿದೆ. ದಾರಿ ಎಲ್ಲಿ ಕವಲೊಡೆಯುತ್ತದೆ ಎಂಬುದನ್ನು ಅನುಭವಿಗಳ ಬಾಯಿಂದಲೇ ಕೇಳಬೇಕೆನಿಸಿತು.

ಮೊದಲನೆಯವರು ಅರವತ್ತು ದಾಟಿದ ಮಹಿಳೆ. ಎರಡೂ ಕಣ್ಣುಗಳಲ್ಲಿ ಫುಕ್ಸ್ ಡಿಸ್ಟ್ರಫಿ, ಅಂದರೆ ಕಾರ್ನಿಯಾದಿಂದ ನೀರನ್ನು ಹೊರಹಾಕುವ ಒಳಪದರದ (ಎಂಡೋಥೀಲಿಯಂ) ಕೋಶಗಳು ಕ್ರಮೇಣ ನಶಿಸುವ ಕಾಯಿಲೆ ಇದೆ. ಬೆಳಿಗ್ಗೆ ಎದ್ದ ಮೇಲೆ ಬಹಳ ಹೊತ್ತು ಮಂಜು ಮಂಜಾಗಿ ಕಾಣುತ್ತದೆ, ಮಧ್ಯಾಹ್ನದ ಹೊತ್ತಿಗೆ ತಿಳಿಯಾಗುತ್ತದೆ ಎನ್ನುತ್ತಾರೆ. ಕಾರ್ನಿಯಾದ ನಡುಭಾಗದ ದಪ್ಪ 618 ಮೈಕ್ರಾನ್. ಈ ಕಾಯಿಲೆಯಲ್ಲಿ ಒಳಪದರದಲ್ಲಿ ಏಳುವ ಗಟ್ಟಾ ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡಿರುವುದರಿಂದ ಸ್ಪೆಕ್ಯುಲರ್ ಯಂತ್ರಕ್ಕೆ ಆ ಕೋಶಗಳನ್ನು ಎಣಿಸಲು ಆಗಿಲ್ಲ. ಪೊರೆಯ ನಡುತಿರುಳು (ನ್ಯೂಕ್ಲಿಯಸ್) ಮಧ್ಯಮ ಗಟ್ಟಿಯಾಗಿದೆ. ಇವರಿಗೆ ಪೊರೆ ಮಾತ್ರ ತೆಗೆದು ಕಾದು ನೋಡಬಹುದೇ, ಅಥವಾ ದಾನಿಯ ಒಳಪದರವನ್ನಷ್ಟೇ ಕೂರಿಸುವ ಡಿಮೆಕ್ ಕಸಿಯನ್ನೂ ಅದೇ ಬಾರಿಗೆ ಸೇರಿಸಬೇಕೇ? ಸೇರಿಸುವುದಾದರೆ ಪೊರೆಯನ್ನು ಅಲ್ಟ್ರಾಸೌಂಡಿನಿಂದ ಒಡೆದು ಹೀರಿ ತೆಗೆಯುವ ನನ್ನ ಎಂದಿನ ಫೇಕೋ ಕ್ರಮದಲ್ಲಿ ಏನೇನು ಬದಲಾಗಬೇಕು?

ಎರಡನೆಯವರು ಐವತ್ತರ ಕೊನೆಯಲ್ಲಿರುವ ಗಂಡಸು. ಹಿಂದೆ ಹರ್ಪಿಸ್ ಸೋಂಕಿನಿಂದಾದ ಹುಣ್ಣು ಮಾಗಿ, ಪಾಪೆಗೆ ಅಡ್ಡವಾಗಿ ದಟ್ಟ ಬಿಳಿ ಕಲೆ ಉಳಿದಿದೆ. ಕಲೆಯ ಅಂಚಿನಿಂದ ಇಣುಕಿದರೆ ಹಿಂದೆ ಬಲಿತ ಪೊರೆ ಕಾಣುತ್ತದೆ. ಪೂರ್ಣದಪ್ಪದ ಕಸಿ, ಪೊರೆ ತೆಗೆಯುವುದು ಮತ್ತು ಲೆನ್ಸ್ ಕೂರಿಸುವುದು, ಈ ಮೂರನ್ನೂ ಒಟ್ಟಿಗೆ ಮಾಡುವ ಟ್ರಿಪಲ್ ಪ್ರೊಸೀಜರ್ ಬಗ್ಗೆ ಓದಿದ್ದೇನೆ. ಆದರೆ ಕಾರ್ನಿಯಾವನ್ನು ಕತ್ತರಿಸಿ ತೆಗೆದ ಮೇಲೆ ತೆರೆದ ಕಣ್ಣಿನಲ್ಲಿ ಪೊರೆ ತೆಗೆಯುವುದೆಂದರೆ, ಮುಚ್ಚಿದ ಕಣ್ಣಿನಲ್ಲೇ ಕೆಲಸ ಮಾಡಿ ರೂಢಿಯಾದ ನನಗೆ ನಿಜಕ್ಕೂ ಅಳುಕು. ಲೆನ್ಸಿನ ಪವರ್ ಲೆಕ್ಕ ಹಾಕುವುದು ಹೇಗೆ ಎಂಬುದೂ ಸ್ಪಷ್ಟವಿಲ್ಲ.

ಪದರ_ವೈದ್ಯೆ ಉತ್ತರಿಸಿದ್ದು:

ಡಾಕ್ಟರೇ, ಮೊದಲನೆಯ ಕಣ್ಣಿನ ಬಗ್ಗೆ ಮಾತ್ರ ಬರೆಯುತ್ತೇನೆ. ಎರಡನೆಯದಕ್ಕೆ ನನಗಿಂತ ಹೆಚ್ಚು ಹೊಲಿಗೆ ಹಾಕಿದವರು ಇಲ್ಲಿದ್ದಾರೆ.

ಪೊರೆ ಮಾತ್ರ ತೆಗೆಯುವುದೇ, ಕಸಿಯನ್ನೂ ಸೇರಿಸುವುದೇ ಎಂದು ತೀರ್ಮಾನಿಸಲು 640 ಮೈಕ್ರಾನ್ ಎಂಬ ಗಡಿ ಬಹುಕಾಲ ಬಳಕೆಯಲ್ಲಿದೆ. ನಾನು ಆ ಸಂಖ್ಯೆಯನ್ನು ಅಷ್ಟಾಗಿ ನೆಚ್ಚುವುದಿಲ್ಲ. ಆರೋಗ್ಯವಂತ ಕಾರ್ನಿಯಾದ ಸರಾಸರಿ ದಪ್ಪ ಸುಮಾರು 540 ಮೈಕ್ರಾನ್ ಎಂದಿದ್ದರೂ ಅದು ಒಬ್ಬೊಬ್ಬರಿಗೆ ಒಂದೊಂದು ರೀತಿ ಇರುತ್ತದೆ. ಮೊದಲಿನಿಂದ 500 ಇದ್ದವರಲ್ಲಿ 600 ಕಂಡರೆ ಆಗಲೇ ಸಾಕಷ್ಟು ನೀರು ಸೇರಿದೆ ಎಂದರ್ಥ, ಮೊದಲಿನಿಂದಲೇ 590 ಇದ್ದವರಲ್ಲಿ ಅದೇ 600 ಏನೂ ಅಲ್ಲ. ಆದ್ದರಿಂದ ಕಾರ್ನಿಯಾದ ದಪ್ಪ ಮತ್ತು ಆಕಾರ ತೋರಿಸುವ ಟೋಮೋಗ್ರಫಿ ನಕ್ಷೆಯನ್ನು ನೋಡಿ. ದಪ್ಪದ ರೇಖೆಗಳು ಒಂದಕ್ಕೊಂದು ಸಮಾನಾಂತರವಾಗಿರುವುದು ತಪ್ಪಿದೆಯೇ, ಅತಿ ತೆಳುವಾದ ಬಿಂದು ತನ್ನ ಜಾಗ ಬಿಟ್ಟು ಸರಿದಿದೆಯೇ, ಹಿಂಬದಿಯ ಮೇಲ್ಮೈ ಒಂದು ಕಡೆ ಮುಂಕೋಶದತ್ತ (ಕಾರ್ನಿಯಾ ಮತ್ತು ಐರಿಸ್ ನಡುವಿನ ಜಾಗದತ್ತ) ಉಬ್ಬಿದೆಯೇ ಎಂದು ಪರಿಶೀಲಿಸಿ. ಸ್ಲಿಟ್ ಲ್ಯಾಂಪ್ ಸೂಕ್ಷ್ಮದರ್ಶಕದಲ್ಲಿ ಕಣ್ಣಿಗೆ ಕಾಣದ ಊತ ಈ ಮೂರರಲ್ಲಿ ಕಾಣಿಸಿಕೊಳ್ಳುತ್ತದೆ. ಇನ್ನು ನಿಮ್ಮ ರೋಗಿ ಹೇಳುವ ಬೆಳಗಿನ ಮಂಜು ಯಾವ ಯಂತ್ರಕ್ಕೂ ಕಡಿಮೆಯಲ್ಲದ ಸಾಕ್ಷಿ: ರಾತ್ರಿಯಿಡೀ ರೆಪ್ಪೆ ಮುಚ್ಚಿರುವುದರಿಂದ ಕಾರ್ನಿಯಾದ ಮೇಲ್ಮೈಯಿಂದ ನೀರು ಆರುವುದಿಲ್ಲ, ಒಳಗಿನಿಂದ ಅದನ್ನು ಹೊರಹಾಕಬೇಕಾದ ಎಂಡೋಥೀಲಿಯಂ ಕೋಶಗಳಿಗೆ ಆ ಶಕ್ತಿ ಉಳಿದಿಲ್ಲ. ನೀವು ಬರೆದಿರುವ ಚಿತ್ರಕ್ಕೆ ನಾನು ಪೊರೆ ಮತ್ತು ಡಿಮೆಕ್ ಎರಡನ್ನೂ ಒಂದೇ ಬಾರಿಗೆ ಮಾಡುತ್ತೇನೆ. ಬೆಳಗಿನ ಮಂಜು ಇಲ್ಲದೆ, ನಕ್ಷೆಯೂ ಶುದ್ಧವಾಗಿದ್ದು, ಕೇವಲ ಗಟ್ಟಾ ಚುಕ್ಕೆಗಳಿದ್ದರೆ ಪೊರೆ ಮಾತ್ರ ತೆಗೆದು, ಮುಂದೆಂದಾದರೂ ಕಸಿ ಬೇಕಾಗಬಹುದೆಂದು ಮೊದಲೇ ಹೇಳಿಡುತ್ತಿದ್ದೆ.

ಈಗ ಫೇಕೋ ಕ್ರಮದ ಬದಲಾವಣೆಗಳು. ರೋಗಿಯ ಎಂಡೋಥೀಲಿಯಂ ಅನ್ನು ಹೇಗೂ ತೆಗೆದುಹಾಕಲಿದ್ದೇವೆ, ಆದ್ದರಿಂದ ಅದನ್ನು ಕಾಪಾಡಲು ಅಂಟುವ ಗುಣದ ಡಿಸ್ಪರ್ಸಿವ್ ವಿಸ್ಕೋ (ಕಣ್ಣಿನೊಳಗೆ ಜಾಗ ಹಿಡಿದಿಡುವ ಲೋಳೆ ದ್ರವ) ಬೇಡ. ಪೂರ್ತಿಯಾಗಿ ಹೊರಬರುವ ಕೊಹೆಸಿವ್ ವಿಸ್ಕೋ ಬಳಸಿ, ಕೊನೆಯಲ್ಲಿ ಲೆನ್ಸಿನ ಹಿಂದಿನಿಂದಲೂ ಅದನ್ನು ಬಳಿದು ತೆಗೆಯಿರಿ. ಸ್ವಲ್ಪ ವಿಸ್ಕೋ ಉಳಿದರೂ ಹೊಸ ಪದರ ಸ್ಟ್ರೋಮಾಕ್ಕೆ, ಅಂದರೆ ಕಾರ್ನಿಯಾದ ದಪ್ಪ ನಡುಪದರಕ್ಕೆ, ಅಂಟಿಕೊಳ್ಳುವುದಿಲ್ಲ. ರೆಕ್ಸಿಸ್, ಅಂದರೆ ಪೊರೆಯ ಚೀಲದಲ್ಲಿ (ಕ್ಯಾಪ್ಸೂಲ್) ಮಾಡುವ ದುಂಡು ಕಿಂಡಿ, ಲೆನ್ಸಿನ ಅಂಚನ್ನು ಸುತ್ತಲೂ ಮುಚ್ಚುವಂತಿರಲಿ, 5 ಮಿಲಿಮೀಟರ್ ಆಸುಪಾಸು ಸಾಕು. ಆಮೇಲೆ ಮುಂಕೋಶವನ್ನು ಬೇಕೆಂದೇ ತೆಳುವಾಗಿಸುವ ಹಂತ ಬರುತ್ತದೆ, ರೆಕ್ಸಿಸ್ ದೊಡ್ಡದಾಗಿದ್ದರೆ ಆಗ ಲೆನ್ಸ್ ಚೀಲದಿಂದ ಮುಂದೆ ಜಾರುತ್ತದೆ. ಪಾಪೆ ಹಿಗ್ಗಿಸಲು ಬಹಳ ಹೊತ್ತು ಕೆಲಸ ಮಾಡುವ ಹನಿಗಳನ್ನು ಹಾಕಬೇಡಿ, ಏಕೆಂದರೆ ಲೆನ್ಸ್ ಕೂರಿಸಿದ ಕೂಡಲೇ ಪಾಪೆಯನ್ನು ಕುಗ್ಗಿಸಲೇಬೇಕು. ಆರು ಗಂಟೆಯ ದಿಕ್ಕಿನಲ್ಲಿ ಒಂದು ಐರಿಡಾಟಮಿ (ಐರಿಸ್‌ನಲ್ಲಿ ಚಿಕ್ಕ ರಂಧ್ರ) ಮಾಡಿ. ಹೊಸ ಪದರವನ್ನು ಒತ್ತಿ ಹಿಡಿಯಲು ಕೊನೆಯಲ್ಲಿ ತುಂಬುವ ಗಾಳಿಗುಳ್ಳೆ ಪಾಪೆಯನ್ನು ಮುಚ್ಚಿ ಕಣ್ಣಿನ ಒತ್ತಡ ಏರುವುದನ್ನು ಅದು ತಡೆಯುತ್ತದೆ.

ಅನಂತರ ರಿವರ್ಸ್ ಸಿನ್ಸ್ಕಿ ಕೊಕ್ಕೆಯಿಂದ ಎಂಡೋಥೀಲಿಯಂ ಕೂತಿರುವ ರೋಗಿಯ ಡೆಸೆಮೆಟ್ ಪದರವನ್ನು ವೃತ್ತಾಕಾರದಲ್ಲಿ ಕೆರೆದು ತೆಗೆಯಬೇಕು. ಕಸಿಯ ಹಾಳೆ 8 ಮಿಲಿಮೀಟರ್ ಇದ್ದರೆ ಕೆರೆದ ಜಾಗ ಅದಕ್ಕಿಂತ ತುಸು ಅಗಲವಾಗಿರಲಿ. ಹಳೆಯ ಪದರದ ಮೇಲೆ ಹೊಸದರ ಅಂಚು ಕೂತರೆ ಅಲ್ಲಿಂದಲೇ ಬಿಡಲು ಆರಂಭಿಸುತ್ತದೆ. ದಾನಿಯ ಹಾಳೆ 10ರಿಂದ 15 ಮೈಕ್ರಾನ್ ದಪ್ಪದ್ದು, ಬಿಡಿಸಿದ ಕೂಡಲೇ ಎಂಡೋಥೀಲಿಯಂ ಹೊರಮುಖವಾಗುವಂತೆ ತಾನೇ ಸುರುಳಿ ಸುತ್ತಿಕೊಳ್ಳುತ್ತದೆ. ಟ್ರೈಪಾನ್ ಬ್ಲೂನಲ್ಲಿ ನೀಲಿಯಾದ ಆ ಸುರುಳಿಯನ್ನು ಗಾಜಿನ ಕೊಳವೆಯ ಮೂಲಕ ಒಳಗೆ ಬಿಟ್ಟು, ಮುಂಕೋಶವನ್ನು ತೆಳುವಾಗಿಟ್ಟುಕೊಂಡು, ಕಾರ್ನಿಯಾದ ಹೊರಮೈಯನ್ನು ಕ್ಯಾನ್ಯುಲಾದಿಂದ ಮೆಲ್ಲಗೆ ತಟ್ಟುತ್ತಾ ಬಿಚ್ಚಿಸಬೇಕು. ಹಾಳೆಯನ್ನು ನೇರವಾಗಿ ಮುಟ್ಟುವ ಆಸೆಯನ್ನು ಬಿಡುವುದೇ ಇಲ್ಲಿ ಕಲಿಯಬೇಕಾದ ಮೊದಲ ಪಾಠ. ಅಂಚಿನ ಸುರುಳಿ ಮೇಲ್ಮುಖವಾಗಿದ್ದರೆ ಹಾಳೆ ಸರಿಯಾಗಿ ಬಿದ್ದಿದೆ. ಕ್ಯಾನ್ಯುಲಾದ ತುದಿಯನ್ನು ಹಾಳೆಯ ಮೇಲೆ ಅಂಚಿನತ್ತ ಸರಿಸಿದಾಗ ಅದು ಸುರುಳಿಯೊಳಗೆ ಹೊಕ್ಕು ನೀಲಿಯಾಗಿ ಕಾಣಬೇಕು. ಈ ಪರೀಕ್ಷೆಗೆ ಮೌಟ್ಸೂರಿಸ್ ಚಿಹ್ನೆ ಎನ್ನುತ್ತಾರೆ. ಹಾಳೆಯ ಮೇಲೆ ಮೊದಲೇ ಎಸ್ ಅಕ್ಷರದ ಗುರುತು ಒತ್ತಿದ್ದರೆ ಇನ್ನೂ ನಿರಾಳ. ತಲೆಕೆಳಗಾಗಿ ಅಂಟಿಸಿದ ಹಾಳೆ ಕೆಲಸಕ್ಕೆ ಬಾರದು, ಆದ್ದರಿಂದ ಸಂದೇಹ ಉಳಿದಿರುವಾಗ ಗಾಳಿ ತುಂಬಲೇಬೇಡಿ.

ಗೆರಿಟ್ ಮೆಲ್ಲೆಸ್ ಈ ವಿಧಾನವನ್ನು 2006ರಲ್ಲಿ ಪ್ರಕಟಿಸಿದಾಗ ಇದು ಕೆಲವರ ಕೈಗೆ ಮಾತ್ರ ದಕ್ಕುವ ಕಲೆ ಎಂದು ಅನೇಕರು ಅಂದುಕೊಂಡಿದ್ದರು. ಡಿಸೇಕ್ ಎಂಬ ಇನ್ನೊಂದು ಹಿಂಪದರ ಕಸಿಯ ಹಾಳೆ ಸ್ಟ್ರೋಮಾದ ತೆಳು ಪದರವನ್ನೂ ಹೊತ್ತು ಬರುವುದರಿಂದ ಕೈಗೆ ಸುಲಭ, ಮುಂಕೋಶ ತೀರಾ ಆಳವಾಗಿರುವ ಅಥವಾ ಐರಿಸ್ ಹರಿದಿರುವ ಕಣ್ಣಿಗೆ ಇಂದಿಗೂ ಅದೇ ಸೂಕ್ತ. ಆದರೆ ನಿಮ್ಮ ರೋಗಿಯಂಥ ಸರಳ ಫುಕ್ಸ್ ಕಣ್ಣಿಗೆ ಡಿಮೆಕ್ ಬಿಟ್ಟು ಹಿಂದೆ ಹೋಗಲು ಕಾರಣ ಕಾಣುವುದಿಲ್ಲ. 2012ರಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿ ಎರಡು ವರ್ಷಗಳೊಳಗೆ ದೇಹ ಕಸಿಯನ್ನು ತಿರಸ್ಕರಿಸಲು ತೊಡಗಿದ ಪ್ರಮಾಣ ಡಿಮೆಕ್‌ನಲ್ಲಿ ಸುಮಾರು 1 ಶೇಕಡಾ, ಹಿಂಪದರದ ದಪ್ಪ ಕಸಿಯಲ್ಲಿ 12, ಪೂರ್ಣದಪ್ಪದ ಕಸಿಯಲ್ಲಿ 18 ಇತ್ತು.

ಹತ್ತು_ಸೊನ್ನೆ_ನೈಲಾನ್ ಉತ್ತರಿಸಿದ್ದು:

ಎರಡನೆಯ ಕಣ್ಣಿನ ಬಗ್ಗೆ ನಿಮಗಿರುವ ಅಳುಕು ಸರಿಯಾದದ್ದೇ, ಅದನ್ನು ಕಳೆದುಕೊಳ್ಳಬೇಡಿ. 1905ರಲ್ಲಿ ಎಡುವಾರ್ಡ್ ಜಿರ್ಮ್ ಮೊದಲ ಯಶಸ್ವಿ ಕಾರ್ನಿಯಾ ಕಸಿ ಮಾಡಿದ ದಿನದಿಂದ ಇಂದಿನವರೆಗೂ ಪೂರ್ಣದಪ್ಪದ ಕಸಿಯಲ್ಲಿ ಒಂದು ಸಂಗತಿ ಬದಲಾಗಿಲ್ಲ: ಕಾರ್ನಿಯಾವನ್ನು ತೆಗೆದ ಕ್ಷಣದಿಂದ ಹೊಸದನ್ನು ಹೊಲಿಯುವವರೆಗೆ ಕಣ್ಣಿನ ಒಳ ಒತ್ತಡ ಹೊರಗಿನ ವಾತಾವರಣಕ್ಕೆ ಸಮ. ಆ ಹೊತ್ತಿನಲ್ಲಿ ಕಣ್ಣಿನ ಹಿಂಭಾಗದ ಪದರವಾದ ಕೋರಾಯಿಡ್‌ನ ರಕ್ತನಾಳ ಒಡೆದರೆ ಒಳಗಿರುವುದೆಲ್ಲ ಹೊರಗೆ ನುಗ್ಗುತ್ತದೆ. ಆದ್ದರಿಂದ ತೆರೆದ ಕಣ್ಣಿನಲ್ಲಿ ಪೊರೆ ತೆಗೆಯುವ ಕೌಶಲವನ್ನು ಕಲಿಯಿರಿ, ಆದರೆ ಅದನ್ನು ಬಳಸುವ ಅಗತ್ಯವೇ ಬೀಳದಂತೆ ಯೋಜನೆ ಹಾಕಿ.

ಕಲೆಯ ಅಂಚಿನಿಂದ ಪೊರೆ ಕಾಣುತ್ತದೆ ಎಂದು ಬರೆದಿದ್ದೀರಿ. ಹಾಗಾದರೆ ದುಂಡು ಅಲಗಿನ ಉಪಕರಣವಾದ ಟ್ರೆಫೈನ್‌ನಿಂದ ಕಾರ್ನಿಯಾದ ದಪ್ಪದ ಮುಕ್ಕಾಲು ಪಾಲಿನಷ್ಟು ಮಾತ್ರ ಕೊರೆದು ನಿಲ್ಲಿಸಿ, ಕಲೆಯಿರುವ ಮುಂಭಾಗದ ಸ್ಟ್ರೋಮಾವನ್ನು ಪದರವಾಗಿ ಬಿಡಿಸಿ ತೆಗೆಯಿರಿ. ಕಲೆಯ ಹೆಚ್ಚಿನ ಪಾಲು ಆ ಪದರದಲ್ಲೇ ಇದ್ದರೆ ಉಳಿದ ತೆಳು ಹಿಂಭಾಗದ ಮೂಲಕ ಟ್ರೈಪಾನ್ ಬ್ಲೂ ಹಾಕಿದ ಕ್ಯಾಪ್ಸೂಲ್ ಸಾಕಷ್ಟು ಕಾಣುತ್ತದೆ. ನೀವು ರೂಢಿಯಾದ ಮುಚ್ಚಿದ ಕಣ್ಣಿನ ಫೇಕೋವನ್ನು ಅಲ್ಲೇ ಮುಗಿಸಿ, ಲೆನ್ಸ್ ಕೂರಿಸಿ, ಪಾಪೆ ಕುಗ್ಗಿಸಿದ ಮೇಲಷ್ಟೇ ಕಣ್ಣನ್ನು ಪೂರ್ತಿ ತೆರೆಯಬಹುದು. ಕೋಣೆಯ ದೀಪ ಆರಿಸಿ, ಶಾಂಡಲಿಯರ್ ಬೆಳಕಿನ ತಂತುವನ್ನು ಹಿಂಬದಿಯಿಂದ ಕಣ್ಣಿನೊಳಗೆ ಇಟ್ಟರೆ ಮೈಕ್ರೋಸ್ಕೋಪಿನ ಬೆಳಕು ಕಲೆಗೆ ತಾಗಿ ಚದುರುವ ತೊಂದರೆ ತಪ್ಪುತ್ತದೆ. ಪೊರೆಯನ್ನು ಪೂರ್ತಿ ತೆಗೆಯಲು ಸಾಧ್ಯವಾಗದಿದ್ದರೂ ರೆಕ್ಸಿಸ್ ಒಂದನ್ನಾದರೂ ಮುಚ್ಚಿದ ಕಣ್ಣಿನಲ್ಲಿ ಮಾಡಿಕೊಂಡರೆ ಅರ್ಧ ಯುದ್ಧ ಗೆದ್ದಂತೆ.

ಏಕೆ ಎಂದು ಹೇಳುತ್ತೇನೆ. ಮುಚ್ಚಿದ ಕಣ್ಣಿನಲ್ಲಿ ವಿಸ್ಕೋ ರೋಗಿಯ ಸ್ವಂತ ಲೆನ್ಸನ್ನು (ಪೊರೆಯನ್ನು) ಹಿಂದಕ್ಕೆ ಒತ್ತಿ ಹಿಡಿದಿರುತ್ತದೆ. ಕಣ್ಣು ತೆರೆದ ಕೂಡಲೇ ಆ ಒತ್ತು ಇಲ್ಲವಾಗಿ, ಹಿಂದಿನಿಂದ ಕಣ್ಣನ್ನು ತುಂಬಿರುವ ಲೋಳೆ (ವಿಟ್ರಿಯಸ್) ತಳ್ಳುವುದರಿಂದ ಲೆನ್ಸ್ ಮುಂದಕ್ಕೆ ಉಬ್ಬುತ್ತದೆ. ಉಬ್ಬಿದ ಕ್ಯಾಪ್ಸೂಲಿನ ಮೇಲೆ ಸೀಳು ಯಾವಾಗಲೂ ಹೊರಗಿನ ಅಂಚಿನತ್ತ ಓಡುತ್ತದೆ. ತೆರೆದೇ ಮಾಡಬೇಕಾಗಿ ಬಂದರೆ ರೆಕ್ಸಿಸ್ ಅನ್ನು ನಿಮ್ಮ ಎಂದಿನ ಅಳತೆಗಿಂತ ಚಿಕ್ಕದಾಗಿ ಆರಂಭಿಸಿ, ಹರಿದ ಅಂಚನ್ನು ಬುಡದ ಹತ್ತಿರ ಮತ್ತೆ ಮತ್ತೆ ಹಿಡಿದುಕೊಂಡು ಕೇಂದ್ರದ ಕಡೆಗೆ ಎಳೆಯಿರಿ, ಸಹಾಯಕರು ಮೊಂಡು ಉಪಕರಣವೊಂದರಿಂದ ಲೆನ್ಸನ್ನು ಹಗುರವಾಗಿ ಹಿಂದಕ್ಕೆ ಒತ್ತಿ ಹಿಡಿಯಲಿ. ಬಿಳಿ ಪೊರೆಯೊಳಗೆ ದ್ರವವಾದ ಕಾರ್ಟೆಕ್ಸ್ (ತಿರುಳಿನ ಸುತ್ತಲಿನ ಮೆತ್ತನೆ ಭಾಗ) ಇದ್ದರೆ ಮೊದಲು ಸೂಜಿಯಿಂದ ಸ್ವಲ್ಪ ಹೀರಿ ಒತ್ತಡ ಇಳಿಸಿ. ನ್ಯೂಕ್ಲಿಯಸನ್ನು ನೀರು ಹಾಯಿಸಿ (ಹೈಡ್ರೋಡಿಸೆಕ್ಷನ್) ಸಡಿಲಿಸಿ ಉರುಳಿಸಿ ಹೊರತೆಗೆಯಿರಿ. ಹೊರಗಿನಿಂದ ಒತ್ತಿ ಹೊರಡಿಸಬೇಡಿ. ಕಾರ್ಟೆಕ್ಸಿಗೆ ಸಿಮ್ಕೋ ಕ್ಯಾನ್ಯುಲಾ ಸಾಕು. ಕ್ಯಾಪ್ಸೂಲ್ ಅಂಚಿನವರೆಗೆ ಹರಿದಿದ್ದರೆ ಒಂಟಿ ತುಂಡಿನ ಲೆನ್ಸ್ ಬೇಡ, ಮೂರು ತುಂಡಿನದನ್ನು ಚೀಲದ ಮುಂದಿನ ಸಂದಾದ ಸಲ್ಕಸ್‌ನಲ್ಲಿ ಕೂರಿಸಿ.

ತಯಾರಿಯ ವಿಷಯದಲ್ಲಿ ಎಂದೂ ಬಿಡಬಾರದ ನಿಯಮವೊಂದಿದೆ. ದಾನಿಯ ಕಾರ್ನಿಯಾವನ್ನು ಪಂಚ್ ಮಾಡಿ, ಅದು ಸರಿಯಾಗಿದೆ ಎಂದು ಮೈಕ್ರೋಸ್ಕೋಪಿನಲ್ಲಿ ನೋಡಿ, ಮೇಜಿನ ಮೇಲೆ ಸಿದ್ಧವಾಗಿಟ್ಟುಕೊಳ್ಳದೆ ರೋಗಿಯ ಕಣ್ಣನ್ನು ತೆರೆಯಬೇಡಿ. ರೋಗಿಯ ಕೊರೆತ 7.5 ಮಿಲಿಮೀಟರ್ ಇದ್ದರೆ ದಾನಿಯದು ಕಾಲು ಮಿಲಿಮೀಟರ್ ದೊಡ್ಡದಿರಲಿ, ಮುಂಕೋಶ ಆಳವಿಲ್ಲದ ಕಣ್ಣಿಗೆ ಅರ್ಧ ಮಿಲಿಮೀಟರ್. ಅದಕ್ಕೂ ಮೊದಲು ಮಾನಿಟಾಲ್ ಅನ್ನು ರಕ್ತನಾಳಕ್ಕೆ ಹನಿಸಿ ವಿಟ್ರಿಯಸನ್ನು ಕುಗ್ಗಿಸಬೇಕು, ತಲೆಯ ಕಡೆ ತುಸು ಎತ್ತರವಿರಬೇಕು, ರೆಪ್ಪೆ ಅಗಲಿಸುವ ಸ್ಪೆಕ್ಯುಲಂ ಕಣ್ಣುಗುಡ್ಡೆಯನ್ನು ಒತ್ತಬಾರದು. ಸಾಧ್ಯವಿದ್ದಲ್ಲಿ ಪೂರ್ಣ ಅರಿವಳಿಕೆಯೇ ಒಳ್ಳೆಯದು. ಕಣ್ಣು ತೆರೆದಿರುವಾಗ ರೋಗಿ ಒಮ್ಮೆ ಕೆಮ್ಮಿದರೂ ಸಾಕು, ವಿಟ್ರಿಯಸ್ ಹೊರಗೆ ಬರುತ್ತದೆ. ಐರಿಸ್ ಮತ್ತು ಲೆನ್ಸಿನ ಚೀಲ ಗುಮ್ಮಟದಂತೆ ಮೇಲೇಳಲು ತೊಡಗಿ, ಕೆಂಪು ಹೊಳಪು ಕಪ್ಪಾಗುತ್ತಿದ್ದರೆ ಯೋಚಿಸುತ್ತಾ ನಿಲ್ಲಬೇಡಿ, ಬೆರಳಿನಿಂದಲೇ ಕಿಂಡಿಯನ್ನು ಮುಚ್ಚಿ, ಸಹಾಯಕರ ಕೈಯಿಂದ ದಾನಿಯ ತುಂಡನ್ನು ತೆಗೆದುಕೊಂಡು ಹೊಲಿಯಲು ಆರಂಭಿಸಿ. ಪೊರೆ ಉಳಿದರೆ ಉಳಿಯಲಿ, ಅದನ್ನು ಇನ್ನೊಂದು ದಿನ ತೆಗೆಯಬಹುದು.

ಹನ್ನೆರಡು, ಆರು, ಮೂರು, ಒಂಬತ್ತು ಗಂಟೆಗಳ ದಿಕ್ಕಿನಲ್ಲಿ ನಾಲ್ಕು ಹೊಲಿಗೆ ಬಿದ್ದ ಮೇಲೆ ಉಸಿರು ಬಿಡಬಹುದು. ಉಳಿದ ಹನ್ನೆರಡನ್ನು ಅವಸರವಿಲ್ಲದೆ ಹಾಕಿ. ಎರಡನೆಯ ಹೊಲಿಗೆ ಮೊದಲನೆಯದರ ನೇರ ಎದುರಿಗೆ ಬೀಳದಿದ್ದರೆ ಆಮೇಲೆ ಎಷ್ಟು ಚೆಂದ ಹೊಲಿದರೂ ಅಸ್ಟಿಗ್ಮ್ಯಾಟಿಸಂ (ವಕ್ರತೆ ಎಲ್ಲ ದಿಕ್ಕಿನಲ್ಲೂ ಒಂದೇ ಇರದ ದೋಷ) ಉಳಿದೇ ಉಳಿಯುತ್ತದೆ.

ಬಯೋಮೆಟ್ರಿ_ಮೇಜು ಉತ್ತರಿಸಿದ್ದು:

ಲೆನ್ಸಿನ ಪವರ್ ಲೆಕ್ಕ ಹಾಕುವವನಾಗಿ ಬರೆಯುತ್ತಿದ್ದೇನೆ, ಶಸ್ತ್ರಚಿಕಿತ್ಸಕನಾಗಿ ಅಲ್ಲ.

ಡಿಮೆಕ್ ನಂತರ ಕಣ್ಣು ಸರಾಸರಿ ಅರ್ಧ ಡಯಾಪ್ಟರಿನಷ್ಟು ಪ್ಲಸ್ ಕಡೆಗೆ ಸರಿಯುತ್ತದೆ. ಊದಿದ ಕಾರ್ನಿಯಾದ ಹಿಂಮೈ ಆರಿದಾಗ ಅದರ ವಕ್ರತೆ ಬದಲಾಗುವುದೇ ಇದಕ್ಕೆ ಕಾರಣ. ಊತ ಹೆಚ್ಚಿದ್ದಷ್ಟೂ ಈ ಸರಿತವೂ ಹೆಚ್ಚು. ಆದ್ದರಿಂದ ಸೊನ್ನೆಯನ್ನು ಗುರಿಯಿಟ್ಟರೆ ರೋಗಿಗೆ ದೂರಕ್ಕೂ ಹತ್ತಿರಕ್ಕೂ ಪ್ಲಸ್ ಕನ್ನಡಕ ಬೇಕಾಗುತ್ತದೆ. ನಾವು ಮೈನಸ್ 0.75ರ ಆಸುಪಾಸು ಗುರಿಯಿಡುತ್ತೇವೆ. ಡಿಸೇಕ್ ಹಾಳೆ ಅಂಚಿನಲ್ಲಿ ದಪ್ಪ, ನಡುವೆ ತೆಳು ಇರುವುದರಿಂದ ಅದೇ ಒಂದು ಮೈನಸ್ ಲೆನ್ಸಿನಂತೆ ಕೆಲಸ ಮಾಡುತ್ತದೆ. ಅಲ್ಲಿ ಒಂದರಿಂದ ಒಂದೂವರೆ ಡಯಾಪ್ಟರಿನಷ್ಟು ಮೈನಸ್ ಗುರಿ ಬೇಕು. ಅಳತೆಯನ್ನು ಬೆಳಗಿನ ಮಂಜು ಇಳಿದ ಮೇಲೆ, ಮಧ್ಯಾಹ್ನದ ನಂತರ ತೆಗೆದುಕೊಳ್ಳಿ, ಒಂದಕ್ಕಿಂತ ಹೆಚ್ಚು ಬಾರಿ ಅಳೆದು ಹೊಂದಾಣಿಕೆಯಿದೆಯೇ ನೋಡಿ. ಗಟ್ಟಾ ತುಂಬಿದ ಕಾರ್ನಿಯಾದಲ್ಲಿ ಕಾಣುವ ಅಸ್ಟಿಗ್ಮ್ಯಾಟಿಸಂ ಎಷ್ಟು ನಿಜ, ಎಷ್ಟು ಊತದ ಆಟ ಎಂದು ಹೇಳುವುದು ಕಷ್ಟವಾದ್ದರಿಂದ ಅದನ್ನು ಸರಿಪಡಿಸುವ ಟೋರಿಕ್ ಲೆನ್ಸಿಗೆ ಕೈಹಾಕುವ ಮುನ್ನ ಇನ್ನೊಂದು ಕಣ್ಣಿನ ನಕ್ಷೆಯನ್ನೂ ನೋಡಿ. ದೂರಕ್ಕೂ ಹತ್ತಿರಕ್ಕೂ ಬೆಳಕು ಹಂಚುವ ಮಲ್ಟಿಫೋಕಲ್ ಲೆನ್ಸ್ ಕೇಳುವ ರೋಗಿಗೆ ಬೇಡ ಎನ್ನುವುದೇ ಸರಿ. ಈ ಕಣ್ಣುಗಳಲ್ಲಿ ಮೊದಲೇ ಬೆಳಕು ಚದುರುತ್ತದೆ, ಇರುವ ಕಾಂಟ್ರಾಸ್ಟನ್ನು ಮತ್ತೆ ಹಂಚಿಹಾಕುವ ಲೆನ್ಸ್ ಅಲ್ಲಿ ಸಲ್ಲದು.

ಪೂರ್ಣದಪ್ಪದ ಕಸಿಯ ವಿಷಯ ಬೇರೆ. ನೀವು ಯಾವ ಕಾರ್ನಿಯಾದ ವಕ್ರತೆಯನ್ನು ಸೂತ್ರಕ್ಕೆ ಹಾಕಬೇಕೋ ಆ ಕಾರ್ನಿಯಾ ಇನ್ನೂ ರೋಗಿಯ ಕಣ್ಣಿನಲ್ಲಿ ಇಲ್ಲ. ಆ ಶಸ್ತ್ರಚಿಕಿತ್ಸಕರು ಹಿಂದೆ ಮಾಡಿದ ಕಸಿಗಳ ಹೊಲಿಗೆ ತೆಗೆದ ಮೇಲಿನ ಸರಾಸರಿ ವಕ್ರತೆಯನ್ನು ಬಳಸುವುದು ಒಂದು ದಾರಿ, ಆರೋಗ್ಯವಾಗಿರುವ ಇನ್ನೊಂದು ಕಣ್ಣಿನ ಅಳತೆಯನ್ನು ಬಳಸುವುದು ಮತ್ತೊಂದು. ಎರಡೂ ಅಂದಾಜುಗಳೇ. ಕೆಲವು ಡಯಾಪ್ಟರುಗಳ ವ್ಯತ್ಯಾಸ ಬರಬಹುದೆಂದೂ, ಅದರ ಮೇಲೆ ಅಸ್ಟಿಗ್ಮ್ಯಾಟಿಸಂ ಉಳಿಯುತ್ತದೆಂದೂ, ಕನ್ನಡಕ ಅಥವಾ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಬೇಕಾಗುತ್ತದೆಂದೂ ರೋಗಿಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಹೇಳಿ.

ಎರಡು_ಹಂತ ಉತ್ತರಿಸಿದ್ದು:

ಹತ್ತು ಸೊನ್ನೆ ನೈಲಾನ್ ಸರ್ ಹೇಳಿದ ತಂತ್ರದ ಬಗ್ಗೆ ನನ್ನ ಆಕ್ಷೇಪವಿಲ್ಲ. ಆದರೆ ಎರಡನೆಯ ಕಣ್ಣಿಗೆ ಒಂದೇ ಬಾರಿಗೆ ಎಲ್ಲವನ್ನೂ ಮಾಡಬೇಕೆಂಬ ಊಹೆಯನ್ನೇ ಪ್ರಶ್ನಿಸಬೇಕು ಎಂದು ನನಗನಿಸುತ್ತದೆ. ಮೊದಲು ಕಸಿ ಮಾಡಿ, ಒಂದರಿಂದ ಒಂದೂವರೆ ವರ್ಷದಲ್ಲಿ ಹೊಲಿಗೆಗಳೆಲ್ಲ ಹೊರಬಂದು ವಕ್ರತೆ ನೆಲೆಗೊಂಡ ಮೇಲೆ ಫೇಕೋ ಮಾಡಿದರೆ, ಬಯೋಮೆಟ್ರಿಯವರು ಹೇಳಿದ ಅಂದಾಜುಗಳೆಲ್ಲ ನಿಜವಾದ ಅಳತೆಗಳಾಗುತ್ತವೆ. ಉಳಿದ ಅಸ್ಟಿಗ್ಮ್ಯಾಟಿಸಂ ಕ್ರಮಬದ್ಧವಾಗಿದ್ದರೆ ಟೋರಿಕ್ ಲೆನ್ಸಿನಿಂದ ಅದನ್ನೂ ತಗ್ಗಿಸಬಹುದು. ಕಣ್ಣು ತೆರೆದಿರುವ ಹೊತ್ತೂ ಕಡಿಮೆಯಾಗುತ್ತದೆ. ಇದಕ್ಕೆ ಬೆಲೆಯಿಲ್ಲದಿಲ್ಲ: ಎರಡನೆಯ ಶಸ್ತ್ರಚಿಕಿತ್ಸೆಯಲ್ಲಿ ಕಸಿಯ ಎಂಡೋಥೀಲಿಯಂ ಕೋಶಗಳು ಒಂದಷ್ಟು ನಷ್ಟವಾಗುತ್ತವೆ, ರೋಗಿ ಅಷ್ಟು ಕಾಲ ಪೊರೆಯ ಹಿಂದಿನಿಂದಲೇ ನೋಡಬೇಕು. ಇನ್ನೊಂದು ಕಣ್ಣು ಚೆನ್ನಾಗಿದ್ದವರಿಗೆ ಈ ಕಾಯುವಿಕೆ ಸಹ್ಯ. ಅದೊಂದೇ ಕಣ್ಣು ಆಧಾರವಾಗಿದ್ದರೆ, ಅಥವಾ ಪೊರೆ ಊದಿ ಕೋನ ಮುಚ್ಚುವಂತಿದ್ದರೆ ನಾನೂ ಒಟ್ಟಿಗೇ ಮಾಡುತ್ತೇನೆ.

ಅದಕ್ಕಿಂತ ಮುಖ್ಯವಾದ ಮಾತೊಂದು ಇಲ್ಲಿ ಯಾರ ಗಮನಕ್ಕೂ ಬಂದಂತಿಲ್ಲ. ಇದು ಹರ್ಪಿಸ್ ಕಣ್ಣು. ಕಾರ್ನಿಯಾದ ಸ್ಪರ್ಶಜ್ಞಾನವನ್ನು ಹತ್ತಿಯ ಎಳೆಯಿಂದ ಪರೀಕ್ಷಿಸಿದ್ದೀರಾ? ಅದು ಪೂರ್ತಿ ಸತ್ತಿದ್ದರೆ ಕಸಿಯ ಮೇಲೆ ಹೊರಪದರ ಬೆಳೆಯುವುದೇ ಕಷ್ಟ. ಕಣ್ಣು ಕೊನೆಯ ಪಕ್ಷ ಆರು ತಿಂಗಳು ಶಾಂತವಾಗಿರಬೇಕು, ಶಸ್ತ್ರಚಿಕಿತ್ಸೆಗೆ ಮೊದಲೇ ಅಸೈಕ್ಲೋವಿರ್ ಮಾತ್ರೆ ಶುರುವಾಗಬೇಕು. 400 ಮಿಲಿಗ್ರಾಂ ದಿನಕ್ಕೆರಡು ಬಾರಿಯಂತೆ ಒಂದು ವರ್ಷ ಕೊಟ್ಟಾಗ ಸೋಂಕು ಮರುಕಳಿಸುವುದು ಹೆಚ್ಚುಕಡಿಮೆ ಅರ್ಧದಷ್ಟು ತಗ್ಗಿದ್ದನ್ನು 1998ರ ದೊಡ್ಡ ಅಧ್ಯಯನ ತೋರಿಸಿಕೊಟ್ಟಿದೆ. ಅದು ಕಸಿಯಾದ ಕಣ್ಣುಗಳ ಅಧ್ಯಯನವಲ್ಲದಿದ್ದರೂ ನಾವೆಲ್ಲ ಅದೇ ಪ್ರಮಾಣವನ್ನು ಅನುಸರಿಸುತ್ತೇವೆ. ಸ್ಟೀರಾಯ್ಡ್ ಹನಿಗಳನ್ನು ತಿಂಗಳುಗಟ್ಟಲೆ ಹಾಕಬೇಕಾದ ಕಣ್ಣಿನಲ್ಲಿ ವೈರಸ್ಸಿಗೆ ಕಾವಲಿಲ್ಲದೆ ಬಿಟ್ಟರೆ, ಎಷ್ಟು ನಾಜೂಕಾಗಿ ಪೊರೆ ತೆಗೆದಿದ್ದರೂ ಪ್ರಯೋಜನವಿಲ್ಲ.

ಫೇಕೋ_ಪಯಣಿಗ ಬರೆದದ್ದು:

ಎಲ್ಲರಿಗೂ ಕೃತಜ್ಞತೆಗಳು. ಸ್ಪರ್ಶಜ್ಞಾನ ಕುಗ್ಗಿದೆ, ಪೂರ್ತಿ ಹೋಗಿಲ್ಲ. ಕಣ್ಣು ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ಶಾಂತವಾಗಿದೆ, ಇನ್ನೊಂದು ಕಣ್ಣಿನ ದೃಷ್ಟಿ ಸಾಧಾರಣ. ಇಂದು ಕಣ್ಣಿನ ಮುಂಭಾಗದ ಓಸಿಟಿ ಸ್ಕ್ಯಾನ್ ಮಾಡಿಸಿದಾಗ ಕಲೆ ಸ್ಟ್ರೋಮಾದ ಮುಕ್ಕಾಲು ಆಳಕ್ಕೆ ನಿಂತಿರುವುದು ಕಂಡಿತು. ಡೆಸೆಮೆಟ್ ಪದರ ಮುಟ್ಟದೆ ಉಳಿದಿದೆ. ಹಾಗಿದ್ದರೆ ಹಿಂಪದರ ಉಳಿಸಿ ಮುಂಭಾಗವನ್ನಷ್ಟೇ ಬದಲಿಸುವ ಡಾಲ್ಕ್ ಕಸಿಯ ಜೊತೆಗೆ ಫೇಕೋ ಮಾಡಬಹುದೇ? ಹಾಗೆಯೇ ಮೊದಲನೆಯ ರೋಗಿಗೆ ಗಾಳಿಯ ಬದಲು ಎಸ್‌ಎಫ್6 ಅನಿಲ ತುಂಬುವುದರಿಂದ ನಿಜವಾಗಿ ಲಾಭವಿದೆಯೇ?

ಪದರ_ವೈದ್ಯೆ ಉತ್ತರಿಸಿದ್ದು:

ಡೆಸೆಮೆಟ್ ಉಳಿದಿದ್ದರೆ ಈ ಕಣ್ಣಿಗೆ ಮೊದಲ ಆಯ್ಕೆ ಡಾಲ್ಕ್ ಎಂದೇ ನನ್ನ ಅಭಿಪ್ರಾಯ. ರೋಗಿಯ ಸ್ವಂತ ಎಂಡೋಥೀಲಿಯಂ ಉಳಿಯುತ್ತದೆ, ಅದರ ತಿರಸ್ಕಾರದ ಪ್ರಶ್ನೆಯೇ ಏಳುವುದಿಲ್ಲ, ಕಣ್ಣು ತೆರೆಯುವುದೂ ಇಲ್ಲ. ಸ್ಟ್ರೋಮಾಕ್ಕೆ ಗಾಳಿ ಹೊಡೆದು ದೊಡ್ಡ ಗುಳ್ಳೆ ಎಬ್ಬಿಸಿ ಹಿಂಪದರವನ್ನು ಬೇರ್ಪಡಿಸುವ ವಿಧಾನವನ್ನು 2002ರಲ್ಲಿ ಅನ್ವರ್ ಮತ್ತು ಟೈಕ್‌ಮನ್ ವಿವರಿಸಿದರು. ಆದರೆ ಹಳೆಯ ಕಲೆಯಿರುವ ಸ್ಟ್ರೋಮಾದಲ್ಲಿ ಗುಳ್ಳೆ ಸಲೀಸಾಗಿ ಏಳುವುದಿಲ್ಲ, ಆಗ ಕೈಯಿಂದಲೇ ಪದರ ಪದರವಾಗಿ ಬಿಡಿಸಿಕೊಂಡು ಇಳಿಯಬೇಕಾಗುತ್ತದೆ.

ಸ್ಟ್ರೋಮಾ ತೆಗೆದ ಮೇಲೆ ಆ ಪಾರದರ್ಶಕ ತೆಳುಪದರದ ಮೂಲಕ ಪೊರೆ ಕನ್ನಡಿಯಷ್ಟು ಸ್ಪಷ್ಟವಾಗಿ ಕಾಣುವುದು ನಿಜ, ಆಸೆಯಾಗುವುದೂ ನಿಜ. ಆದರೆ ಫೇಕೋ ಯಂತ್ರದ ದ್ರವದೊತ್ತಡಕ್ಕೆ ಆ ಪದರ ಮುಂದಕ್ಕೆ ಬಲೂನಿನಂತೆ ಉಬ್ಬುತ್ತದೆ. ಬಾಟಲಿಯ ಎತ್ತರವನ್ನು ಚೆನ್ನಾಗಿ ಇಳಿಸಿ, ಹರಿವನ್ನು ನಿಧಾನಗೊಳಿಸಿ ಮಾಡಬೇಕು. ಗುಳ್ಳೆ ಎರಡನೆಯ ಬಗೆಯದಾಗಿ ಎದ್ದು ಬರೀ ಡೆಸೆಮೆಟ್ ಮಾತ್ರ ಉಳಿದಿದ್ದರೆ ಫೇಕೋಗೆ ಕೈಹಾಕಬೇಡಿ. ಕೈಯಿಂದ ಬಿಡಿಸಿ, ತುಸು ಸ್ಟ್ರೋಮಾ ಉಳಿಸಿಕೊಂಡಿದ್ದರೆ ಪದರ ಗಟ್ಟಿಯಾಗಿರುತ್ತದೆ, ಫೇಕೋ ಸುರಕ್ಷಿತ. ದೃಷ್ಟಿಯ ಹರಿತದಲ್ಲಿ ಒಂದಿಷ್ಟು ಕಳೆದುಕೊಳ್ಳುತ್ತೀರಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡು ಹಂತ ಸರ್ ಹೇಳಿದಂತೆ ಡಾಲ್ಕ್ ಮುಗಿಸಿ, ಹೊಲಿಗೆ ತೆಗೆದ ಮೇಲೆ ಪೊರೆಗೆ ಬರುತ್ತಿದ್ದೆ. ರೋಗಿಯದೇ ಎಂಡೋಥೀಲಿಯಂ ಇರುವುದರಿಂದ ಎರಡನೆಯ ಶಸ್ತ್ರಚಿಕಿತ್ಸೆಯಲ್ಲಿ ಕೋಶನಷ್ಟದ ಭಯವೂ ಅಷ್ಟಿರುವುದಿಲ್ಲ. ಡಾಲ್ಕ್ ನಡುವೆ ಪದರ ಹರಿದರೆ ಪೂರ್ಣದಪ್ಪದ ಕಸಿಗೆ ತಿರುಗಬೇಕಾಗುತ್ತದೆ, ಆದ್ದರಿಂದ ಒಳ್ಳೆಯ ಕೋಶಗಳಿರುವ ದಾನಿಯ ಕಾರ್ನಿಯಾವನ್ನೇ ತರಿಸಿಡಿ.

ಎಸ್‌ಎಫ್6 ಬಗ್ಗೆ: 20 ಶೇಕಡಾ ಮಿಶ್ರಣ ಕಣ್ಣಿನೊಳಗೆ ಹಿಗ್ಗುವುದಿಲ್ಲ, ಗಾಳಿಗಿಂತ ಹೆಚ್ಚು ದಿನ ನಿಲ್ಲುತ್ತದೆ, ಮತ್ತೆ ಗಾಳಿ ತುಂಬಬೇಕಾದ ಸಂದರ್ಭಗಳು ಕಡಿಮೆಯಾಗುತ್ತವೆ. ನಾನು ಅದನ್ನೇ ಬಳಸುತ್ತೇನೆ. ಅನಿಲ ಉಳಿದಿರುವಷ್ಟು ದಿನ ವಿಮಾನ ಪ್ರಯಾಣವೂ ಬೇಡ, ನೈಟ್ರಸ್ ಆಕ್ಸೈಡ್ ಅರಿವಳಿಕೆಯೂ ಬೇಡ ಎಂದು ಕಾಗದದಲ್ಲಿ ಬರೆದುಕೊಡಿ. ಶಸ್ತ್ರಚಿಕಿತ್ಸೆಯಾದ ಎರಡು ಗಂಟೆಗಳೊಳಗೆ ಒಮ್ಮೆ ಸ್ಲಿಟ್ ಲ್ಯಾಂಪಿನಲ್ಲಿ ಕೂರಿಸಿ, ಗುಳ್ಳೆಯ ಕೆಳಅಂಚು ಐರಿಡಾಟಮಿಗಿಂತ ಮೇಲಿದೆಯೇ ಎಂದು ನೋಡದೆ ಮನೆಗೆ ಕಳಿಸಬೇಡಿ.

ಅಂಗಾತ_ಮಲಗಿದವ ಬರೆದದ್ದು:

ನಾನು ವೈದ್ಯನಲ್ಲ, ಇದೇ ಡಿಮೆಕ್ ಮತ್ತು ಪೊರೆ ಎರಡನ್ನೂ ಒಟ್ಟಿಗೆ ಮಾಡಿಸಿಕೊಂಡವನು. ಮೇಲಿನ ಮಾತುಗಳಲ್ಲಿ ರೋಗಿಯ ಪಾಲಿನ ಕೆಲಸ ಬಿಟ್ಟುಹೋಗಿರುವುದರಿಂದ ಸೇರಿಸುತ್ತಿದ್ದೇನೆ. ಛಾವಣಿ ನೋಡುತ್ತಾ ದಿಂಬಿಲ್ಲದೆ ಅಂಗಾತ ಮಲಗಿರಬೇಕು ಎಂದು ಹೇಳಿದ್ದರು. ಸೊಂಟ ಹಿಡಿದುಕೊಳ್ಳುತ್ತದೆ ಎಂದು ಯಾರೂ ಹೇಳಿರಲಿಲ್ಲ. ಮೊಣಕಾಲ ಕೆಳಗೆ ಮಡಿಸಿದ ಕಂಬಳಿ ಇಟ್ಟುಕೊಂಡ ಮೇಲೆ ಸುಧಾರಿಸಿತು. ದಿನಗಳೆದಂತೆ ಗುಳ್ಳೆ ಕಿರಿದಾಗುತ್ತಾ ದೃಷ್ಟಿಯಲ್ಲಿ ಅಲುಗುವ ಒಂದು ಗೆರೆ ಕಾಣಿಸಿಕೊಳ್ಳುತ್ತದೆ, ಅದನ್ನು ಕಂಡು ಹಾಳೆಯೇ ಕಿತ್ತುಬಂತೆಂದು ನಾನು ಹೆದರಿ ರಾತ್ರಿ ಆಸ್ಪತ್ರೆಗೆ ಫೋನ್ ಮಾಡಿದ್ದೆ. ಈ ಗೆರೆಯ ವಿಷಯವನ್ನು ನಿಮ್ಮ ರೋಗಿಗೆ ಮೊದಲೇ ಹೇಳಿಬಿಡಿ, ಡಾಕ್ಟರೇ. ಬೆನ್ನುನೋವಿನಿಂದ ಮಲಗಲಾಗದವರಿಗೆ, ಅಥವಾ ಹೇಳಿದ್ದು ನೆನಪಿನಲ್ಲಿ ಉಳಿಯದ ವಯೋವೃದ್ಧರಿಗೆ ಏನು ಮಾಡುತ್ತೀರಿ ಎಂಬುದನ್ನೂ ಯೋಚಿಸಿಟ್ಟುಕೊಳ್ಳುವುದು ಒಳ್ಳೆಯದು.

ಫೇಕೋ_ಪಯಣಿಗ ಬರೆದದ್ದು:

ಹಿರಿಯರೊಂದಿಗೆ ಚರ್ಚಿಸಿ ಹೀಗೆ ನಿಶ್ಚಯಿಸಿದ್ದೇವೆ: ಮೊದಲನೆಯವರಿಗೆ ಫೇಕೋ ಮತ್ತು ಡಿಮೆಕ್ ಒಟ್ಟಿಗೆ, ಮೈನಸ್ 0.75 ಗುರಿ, ಎಸ್‌ಎಫ್6. ಎರಡನೆಯವರಿಗೆ ಅಸೈಕ್ಲೋವಿರ್ ಆರಂಭಿಸಿ, ಮೊದಲು ಡಾಲ್ಕ್, ಪೊರೆ ಆಮೇಲೆ. ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ ಹೈಡ್ರೋಫಿಲಿಕ್ (ನೀರು ಹೀರುವ) ಮಡಚುವ ಲೆನ್ಸನ್ನೇ ಮೊದಲನೆಯವರಿಗೂ ಹಾಕುವವರಿದ್ದೇವೆ.

ಬಯೋಮೆಟ್ರಿ_ಮೇಜು ಉತ್ತರಿಸಿದ್ದು:

ಆ ಲೆನ್ಸ್ ಬೇಡ. ಮುಂಕೋಶಕ್ಕೆ ಗಾಳಿ ಅಥವಾ ಅನಿಲ ತುಂಬಿದ ಕಣ್ಣುಗಳಲ್ಲಿ ಹೈಡ್ರೋಫಿಲಿಕ್ ಅಕ್ರಿಲಿಕ್ ಲೆನ್ಸಿನ ಮೇಲೆ ಕ್ಯಾಲ್ಸಿಯಂ ಕೂತು, ಪಾಪೆಯ ಅಗಲಕ್ಕೆ ಸರಿಯಾಗಿ ಬಿಳಿಚಿಕೊಳ್ಳುವುದು ಚೆನ್ನಾಗಿ ದಾಖಲಾಗಿರುವ ತೊಂದರೆ. ಮತ್ತೆ ಮತ್ತೆ ಗಾಳಿ ತುಂಬಿಸಿಕೊಂಡ ಕಣ್ಣುಗಳಲ್ಲಿ ಹೆಚ್ಚು. ಒಮ್ಮೆ ಬಿಳಿಚಿದರೆ ಲೆನ್ಸನ್ನೇ ಬದಲಿಸಬೇಕು, ಹಾಗೆ ಬದಲಿಸುವಾಗ ಕಸಿಯ ಕೋಶಗಳನ್ನು ಕಳೆದುಕೊಳ್ಳುತ್ತೀರಿ. ಲೇಸರಿನಿಂದ ಅದನ್ನು ತೆಗೆಯಲಾಗುವುದಿಲ್ಲ. ಹೈಡ್ರೋಫೋಬಿಕ್ (ನೀರು ಹೀರದ) ಲೆನ್ಸ್ ತರಿಸಿ, ಅದರ ಎ ಸ್ಥಿರಾಂಕದೊಂದಿಗೆ (ಆ ಮಾದರಿಗೆ ಮೀಸಲಾದ ಸಂಖ್ಯೆ) ಪವರನ್ನು ಮತ್ತೆ ಲೆಕ್ಕ ಹಾಕಿಸಿ. ಮಾದರಿ ಬದಲಾದಾಗ ಹಳೆಯ ಚೀಟಿಯ ಸಂಖ್ಯೆ ನಡೆಯುವುದಿಲ್ಲ. ಎರಡನೆಯ ರೋಗಿಗೂ ಇದೇ ಬಗೆಯದನ್ನು ಇಟ್ಟುಕೊಳ್ಳಿ, ಮುಂದೆಂದಾದರೂ ಆ ಕಣ್ಣಿಗೆ ಹಿಂಪದರದ ಕಸಿ ಬೇಕಾದರೆ ಮತ್ತೆ ಗಾಳಿ ತುಂಬಬೇಕಾಗುತ್ತದೆ.